ಹಳೆಯದು ಮಾಡುವ ರಾತ್ರಿ

ಸಾಂತಿಯಾಗೋದ ಅಗ್ಗದ ಹೋಟೆಲಿನ ಮಂಚದ ಮೇಲೆ
ಹೊಚ್ಚ ಹೊಸ ಲ್ಯಾಪ್‌ಟಾಪಿಗೆ
ಒಂದೇ ರಾತ್ರಿಯಲ್ಲಿ ಮೂರು ವರ್ಷ ತುಂಬಿಸುತ್ತಿದ್ದಾರೆ
ಗಂಡ ಹೆಂಡತಿ.

ಬೆಟ್ಟದಾಚೆ, ಅವರ ಮೆಂದೋಸಾದಲ್ಲಿ
ಇದೊಂದರ ಬೆಲೆಗೆ ಇಲ್ಲಿ ಎರಡು ಬರುತ್ತವೆ.
ಎವಾರಿಸ್ತೊ ಲೆಕ್ಕ ಬರೆದೇ ತೋರಿಸಿದ್ದ,
ಬಸ್ ಚಾರ್ಜು, ದಾರಿಯ ಎಂಪನಾಡಾ ಎಲ್ಲ ಕಳೆದು.

ಡಬ್ಬ, ಥರ್ಮಾಕೋಲು, ರಸೀದಿ ಕಸದ ಬುಟ್ಟಿಗೆ.
ಮನೆಯ ಕೀಲಿಕೈಯಿಂದ ಮೂಲೆಗೊಂದು ಗೀರು ಎಳೆದ,
ಎಳೆಯುವಾಗ ಕಣ್ಣು ಮುಚ್ಚಿಕೊಂಡ.
ಗುಂಡಿಗಳ ಸಂದಿಗೆ ಚಿಟಿಕೆ ಬ್ರೆಡ್ಡಿನ ಪುಡಿ.
ಮುಚ್ಚಳಕ್ಕೆ ಅರ್ಧ ಹರಿದ ಫುಟ್‌ಬಾಲ್ ಸ್ಟಿಕ್ಕರು.

ಉಳಿದದ್ದು ಪರದೆಯ ಮೇಲಿನ ತೆಳು ಹಾಳೆ.
"ಅದನ್ನು ಮಾತ್ರ ನಾನೇ ಕೀಳಬೇಕು"
ಎಂದಿದ್ದಳು ಮಗಳು ಮಿಲಾಗ್ರೋಸ್.
ಬೇರೇನನ್ನೂ ಕೇಳಿರಲಿಲ್ಲ.
ನೆಲಿದಾ ಉಗುರು ತಾಗಿಸಿದಳು.
ಸರ್ರನೆ ಬಂತು. ಅಷ್ಟೇ ಸದ್ದು.

ತಿರುವು, ತಿರುವು, ಹಿಮ.
ಸುರಂಗ ದಾಟಿದರೆ ಸುಂಕದವನ ಮೇಜು.
ಅವನ ಮುಂದೆ ಹೇಳಿಕೊಳ್ಳುವ ಸುಖದುಃಖ ಇಷ್ಟೇ:
"ಯಾರದು?" "ಮಗಳದು."
"ಎಷ್ಟು ಹಳೆಯದು?" "ಮೂರು ವರ್ಷ."
ಗೀರಿನ ಮೇಲೆ ಹೆಬ್ಬೆರಳು ಆಡಿಸಿದ,
ಬ್ರೆಡ್ಡಿನ ಪುಡಿ ಊದಿದ,
"ನಮ್ಮ ಹುಡುಗನೂ ಹೀಗೇ, ಇದರ ಮೇಲೇ ತಿನ್ನುತ್ತಾನೆ" ಎಂದ.
ಎವಾರಿಸ್ತೊ ನಕ್ಕ,
ಬೇಕಾದ್ದಕ್ಕಿಂತ ಕೊಂಚ ಹೆಚ್ಚೇ.

ಮನೆಯಲ್ಲಿ ಮಿಲಾಗ್ರೋಸ್ ಅದನ್ನು
ಹಿಂದೆ ಮುಂದೆ ತಿರುಗಿಸಿ ನೋಡಿದಳು.
"ಸೆಕೆಂಡ್ ಹ್ಯಾಂಡಾ ಅಮ್ಮ? ಪರವಾಗಿಲ್ಲ ಬಿಡು."

ನೆಲಿದಾ ಒಳಅಂಗಿಯೊಳಗೆ ಕೈ ಹಾಕಿದಳು.
ನಾಲ್ಕು ಮಡಿಕೆಯ ಆ ಹಾಳೆ, ಇನ್ನೂ ಬೆಚ್ಚಗಿತ್ತು.
ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ
ಪರದೆಗೆ ಅಂಟಿಸಿದಳು. ಓರೆಯಾಯಿತು,
ನಡುವೆ ಗುಳ್ಳೆ ಎದ್ದವು.

"ಈಗ ಕೀಳು" ಅಂದಳು.