ಹಾಜರಿ

ಜತ್ತದ ಸಭಾಗೃಹದಲ್ಲಿ ಮೂರು ದಿನದ ತರಬೇತಿ.
ಕನ್ನಡ ಶಾಲೆಯವರು ನಾವು ಹನ್ನೊಂದು ಮಂದಿ,
ಹಿಂದಿನ ಸಾಲು.
ಯಾರೂ ಕೂಡಿಸಿದ್ದಲ್ಲ, ನಾವೇ ಹೋಗಿ ಕುಂತದ್ದು.

ಕೋಳೇಕರ ಸರ್ ಮರಾಠಿಯಲ್ಲಿ ಹೇಳುತ್ತಾರೆ:
ಶಿಸ್ತೆಂದರೆ ಬೈಗುಳವಲ್ಲ, ಕಣ್ಣಿಗೆ ಕಣ್ಣು ಕೊಡುವುದು.
ಹೇಳುವಾಗ ಅವರ ಕಣ್ಣು ಪರದೆಯ ಮೇಲೆ.

ಎರಡನೇ ತಾಸಿಗೆ ಹಾಳೆಯಂಚಿನಲ್ಲಿ
ರಂಗೋಲಿಯ ಚುಕ್ಕಿ ಇಡತೊಡಗಿದೆ.
ಮೂರನೆಯದಕ್ಕೆ ಉಮದಿಯ ಕಸ್ತೂರಿಬಾಯಿಗೆ ಚೀಟಿ:
ಚಾ ಯಾವಾಗಂತ?
ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು.
ಸರ್ ತಿರುಗಿದರು. ಇಬ್ಬರೂ ಒಮ್ಮೆಲೆ
ಒಳ್ಳೆಯ ಹುಡುಗಿಯರಾದೆವು.
ಇಪ್ಪತ್ತೆರಡು ವರ್ಷ ಎದುರಿನಿಂದ ನೋಡಿದ ಆ ಮುಖವನ್ನು
ಅವತ್ತು ಒಳಗಿನಿಂದ ತೊಟ್ಟುಕೊಂಡೆ.

ಊರಿಗೆ ತಂದದ್ದು ಒಂದೇ ಒಂದು ಚಪ್ಪಾಳೆ:
ಎರಡು ನಿಧಾನ, ಮೂರು ಚುರುಕು.
ನಾವು ತಟ್ಟಿದರೆ ಮಕ್ಕಳು ಮರಳಿ ತಟ್ಟಬೇಕು,
ಆಮೇಲೆ ಮೌನ.

ಸೋಮವಾರ ತಟ್ಟಿದೆ. ತಟ್ಟಿದರು.
ಮತ್ತೆ ತಟ್ಟಿದರು. ಭಜನೆ ಏರಿತು,
ಬೆಂಚೂ ತಾಳ ಹಿಡಿಯಿತು,
ಪಕ್ಕದ ಕೋಣೆಯಿಂದ ಹೆಡ್‌ಮಾಸ್ತರರು ಬಂದರು.
ಮೌನವೊಂದು ಬರಲಿಲ್ಲ.

ಆಗ ಕಿಟಕಿ ಪಕ್ಕದ ಮಾಳಪ್ಪ
ನಾಲಗೆಯನ್ನು ಅಂಗುಳಿಗೆ ಹಚ್ಚಿ
ಟ್ರ್ರ್ರ್... ಹೋ ಎಂದ. ಜೋರೂ ಅಲ್ಲ.
ನಲವತ್ತು ತಲೆ ಇದ್ದಲ್ಲೇ ನಿಂತವು.
"ಕುರಿಗೆ ಹಿಂಗ ಅಂತೇವ್ರಿ ಅಕ್ಕಾರ,"
ತಪ್ಪು ಮಾಡಿದವನ ಹಾಗೆ ಎದ್ದು ನಿಂತಿದ್ದ.

ಮಗ್ಗಿ ಬರದ ಹುಡುಗ.
ಏಳರದು ಏಳ್ನಾಲ್ಕಕ್ಕೇ ಕಾಲು ಮುರಿದುಕೊಂಡು ಬೀಳುತ್ತದೆ.
"ನಿಮ್ಮ ಕುರಿ ಎಷ್ಟದಾವೋ?"
"ಎಣಸಂಗಿಲ್ರಿ. ನೋಡ್ತೇವಿ.
ಯಾವದಿಲ್ಲ, ಅದು ಕಾಣಸ್ತದ."

ನಂಬಿಕೆಯಾಗಲಿಲ್ಲ. ಪುಸ್ತಕ ತೆರೆಯದೆ ಕೇಳಿದೆ,
ಇವತ್ತ ಯಾರಿಲ್ಲ ಹೇಳು.
ಒಮ್ಮೆ ಕಣ್ಣು ಹಾಯಿಸಿದ,
ಮುಖದ ಮೇಲಿನ ನೊಣ ಓಡಿಸುವಷ್ಟು ಹೊತ್ತು:
"ನೀಲವ್ವ ಇಲ್ಲ, ಆಕಿ ತಮ್ಮಗ ಜ್ವರ.
ಲಾಡಸಾಬ ಇಲ್ಲ, ಸಂತಿ.
ಗಿರಿಮಲ್ಲ ಅದಾನ್ರಿ... ಆದರ ಇಲ್ಲ."

ಗಿರಿಮಲ್ಲ ಮೂರನೇ ಸಾಲಿನಲ್ಲಿ
ತೆರೆದ ಪುಟದ ಮೇಲೆ ಗಲ್ಲವೂರಿ
ಗೋಡೆಯಾಚೆ ಎಲ್ಲೋ ಇದ್ದ.
ಎರಡು ವರ್ಷ ಹೆಸರು ಕೂಗಿದ್ದೇನೆ,
ಹಾಜರ್ ಅಂದಿದ್ದಾನೆ,
ಗೆರೆ ಎಳೆದಿದ್ದೇನೆ.

ತರಬೇತಿಯ ಅಭಿಪ್ರಾಯ ಪತ್ರ ಇನ್ನೂ ಚೀಲದಲ್ಲಿದೆ.
ನೀವು ಕಲಿತ ಮೂರು ಅಂಶ. ಮೂರು ಗೆರೆ,
ಗಿಡ್ಡವು.
ಪ್ರಮಾಣಪತ್ರದಲ್ಲಿ ಸಾವಂತ್ರಿ ಬಿರಾದಾರ ಹೋಗಿ
ಸಾವಿತ್ರಿ ಬಿರಾಜದಾರ ಆಗಿದ್ದಾಳೆ.
ಅವಳೂ ಇರಲಿ, ಹಾಜರಿದ್ದಳಲ್ಲ.

ಈಗ ಮುಂಜಾನೆ ಪುಸ್ತಕ ಮುಚ್ಚಿಟ್ಟು ನೋಡುತ್ತೇನೆ.
ಬರುವುದಿಲ್ಲ ನನಗೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ
ಎಣಿಸಿಬಿಟ್ಟಿರುತ್ತೇನೆ.

ಮೊನ್ನೆ ಗುರುವಾರ ನೋಡಿದೆ. ಏನೋ ಕಡಿಮೆ.
ನೀಲವ್ವ ಇದ್ದಳು, ಲಾಡಸಾಬ ಇದ್ದ,
ಕಲ್ಲವ್ವ ಪೆನ್ಸಿಲ್ ಕಡಿಯುತ್ತಿದ್ದಳು.
ಸಾಲು ಸಾಲು ಹುಡುಕಿ ಸಾಕಾಗಿ,
ಅವನನ್ನೇ ಕೇಳೋಣವೆಂದು
ಕಿಟಕಿಯತ್ತ ತಿರುಗಿದೆ.

ಅಲ್ಲಿ ಬಿಸಿಲು ಕುಂತಿತ್ತು.

"ಅವರ ಹಿಂಡ ಕೃಷ್ಣಾ ಕಡಿಗಿ ಹೋತ್ರಿ, ಅಕ್ಕಾರ,"
ಅಂದವನು ಗಿರಿಮಲ್ಲ,
ತಲೆ ಎತ್ತಿ.