ಊಟ ಆತಾ?

ಕಾರಟಗಿ ಮಿಲ್ಲಿನಾಗ ಅಕ್ಕಿ ಏರಿಸಿದ ದಿನ
ವಾಶಿಗೆ ಹೋಗಿ ಎಂಟು ದಿನಕ್ಕ ಬರ್ತೀನಿ ಅಂದಿದ್ದೆ.
ವಾಶಿಯಾಗ ಊರ ಕಡೆ ಲೋಡ್ ಸಿಗಲಿಲ್ಲ,
ಸಿಕ್ಕದ್ದು ಮೊರ್ಬಿಗಿತ್ತು.
ಮೊರ್ಬಿಯ ಟೈಲ್ಸು ಜಮ್ಮುವಿಗೆ ಅಂದ ಸೇಠ.
ಇವತ್ತಿಗೆ ಇಪ್ಪತ್ತಾರು ದಿನ.

ಇಪ್ಪತ್ತೈದು ಟನ್ ಸೋನಾ ಮಸೂರಿ ಬೆನ್ನಿಗಿಟ್ಟುಕೊಂಡು
ಹಸಿದು ಹೋದವ ನಾನು, ಸುಳ್ಳಲ್ಲ.
ಮಂದಿಗೆಲ್ಲ ಅಕ್ಕಿ ಹೊರೋ ಕೈ
ಬೇಡೋದು ಜೋಳ.
ಕಾಲುವಿ ಬಂದ ಮ್ಯಾಲ ನಮ್ಮ ಹೊಲ ಗದ್ದಿ ಆದ್ವು,
ಹೊಟ್ಟಿ ಇನ್ನಾ ಎರಿಭೂಮಿನಾಗಽ ಐತಿ.

ಹೊಂಡೋ ಮುಂದ ಮೆಹಬೂಬಿ ಕಟ್ಟಿಕೊಟ್ಟಿದ್ಲು
ಬಿಳಿ ಅರಿವಿಯೊಳಗ ನಲವತ್ತು ಖಟಕ್ ರೊಟ್ಟಿ,
ಡಬ್ಬಿ ತುಂಬ ಗುರೆಳ್ಳು ಪುಡಿ.
ಘಾಟಿನ ತೆಗ್ಗಿಗೆ ಅರ್ಧ ಚೂರಾದ್ವು.
ಚೆಕ್‌ಪೋಸ್ಟಿನ ಪೇದೆ ಗಂಟು ಬಿಚ್ಚಿಸಿ
"ಪಾಪಡಾ?" ಅಂದ.
ಹೂಂ ಅಂದೆ. ಎರಡು ಕಡಿದ,
ಉಪ್ಪಿಲ್ಲಂತ ಮಾರಿ ಕಿವುಚಿದ,
ಆದ್ರೂ ಮೂರನೇದು ತಗೊಂಡ.

ಪುಡಿ ಡಬ್ಬಿ ಉದಯಪುರ ದಾಟಿದ ಮ್ಯಾಲ ಖಾಲಿ.
ಒಗೀಲಿಲ್ಲ.
ಢಾಬಾದ ದಾಲ್ ಬರೋದ್ರೊಳಗ ಮುಚ್ಚಳ ತೆಗೆದು ಮೂಸ್ತೀನಿ,
ಯಂಕೋಬನೂ ಮೂಸ್ತಾನ.
ಲಗೂನ ಮುಚ್ಚಿಡ್ತೀವಿ,
ವಾಸನಿ ಖರ್ಚಾದೀತಂತ.

ಯಂಕೋಬಗ ಬ್ಯಾರೆ ಚಿಂತಿ:
ಬಸ್‌ಸ್ಟ್ಯಾಂಡ್ ಎದುರಿನ ವಗ್ಗಾಣಿ, ಮ್ಯಾಲ ಎರಡು ಮಿರ್ಚಿ,
ಕೈಗೆ ಹತ್ತಿದ ಪೇಪರಿನ ಎಣ್ಣಿ.
ಸಿಗತೈತೇನು ಅಂತ ಢಾಬಾ ಢಾಬಾದಾಗ ಕೇಳ್ತಾನ,
ಕನ್ನಡದಾಗ.

ತಲಿದಿಂಬು ಮಾತ್ರ ನನ್ನ ಕೂಡ ಐತಿ.
ಅಪ್ಪ ಹಿಂಜಿದ ಅರಳಿ ಅದರಾಗ,
ಬಿಲ್ಲಿನ ಹೆದಿ ಟಿಂವ್ ಟಿಂವ್ ಅಂತಿದ್ದ ಕಾಲದ್ದು.
ಹದಿನಾರು ರಾಜ್ಯದ ಧೂಳು ಕುಡಿದು ಕಲ್ಲಾಗೇತಿ.
ಬಿಚ್ಚಿ ಹಿಂಜೋಣಂದ್ರ ಬಿಲ್ಲು ಇಲ್ಲ, ಅಪ್ಪ ಇಲ್ಲ.
ಹಂಗಽ ಮಲಕೊಂತೀನಿ.

ನಿನ್ನೆ ಪಠಾಣಕೋಟದ ಹೊರಗ, ನಸುಕಿನಾಗ,
ತಪ್ ತಪ್, ತಪ್ ತಪ್ ಕೇಳಿ ಎದ್ದು ಕುಂತೆ.
ಕೈ ತೊಳಿಯಾಕೂ ಹೋದೆ.
ಮುದುಕ ಒಬ್ಬ ಕೊಳವಿ ನೀರಿಗೆ ಕುಂತು
ಕಂಬಳಿ ಬಡೀತಿದ್ದ.

ದಿನಾ ರಾತ್ರಿ ಮೆಹಬೂಬಿ ಕೇಳ್ತಾಳ,
"ಊಟ ಆತಾ?"
ಆತು.
"ಏನು?"
ಚಲೋ ಇತ್ತು.
ಸುಳ್ಳಿಗೆ ಟೋಲ್ ಇಲ್ಲ.

ಇವತ್ತು ನಾನಽ ಕೇಳಿದೆ,
ನಿಂದು? ಪುಂಡಿಪಲ್ಯ ಏನರ ಮಾಡಿದ್ಯಾ?
ತಡ ಮಾಡಿ ಅಂದ್ಲು:
"ಒಬ್ಬಾಕಿ ಸಲುವಾಗಿ ಯಾರು ಹಿಟ್ಟು ನಾದ್ತಾರ.
ನೀನು ಹೋದ ದಿನ ಇಳಿಸಿದ ಹಂಚು, ಇನ್ನಾ ಏರಿಲ್ಲ.
ಮಿಲ್ಲಿನ ನುಚ್ಚಕ್ಕಿ ಇತ್ತು, ಅನ್ನ ಮಾಡಿದೆ,
ಮಜ್ಜಿಗಿ ಸುರಕೊಂಡು ಉಂಡೆ."

ಸ್ಟೇರಿಂಗ್ ಮ್ಯಾಲ ಕೈ ಇಟ್ಟು ಸುಮ್ಮನ ಕುಂತೆ.
ಇಷ್ಟು ದಿನ ನೆನೆಸಿ ನೆನೆಸಿ ಉಂಡ ರೊಟ್ಟಿ
ಅಲ್ಲಿ ಬೆಂದಽ ಇರಲಿಲ್ಲ.

ಒಂದು ರೊಟ್ಟಿ ಬಡಿ, ಅಂದೆ.
"ಈಗ? ಹತ್ತು ಹೊಡದೈತಿ. ಹುಚ್ಚೇನು?"
ಒಂದಽ. ಫೋನ್ ಕಲ್ಲಿನ ಮಗ್ಗಲಕ ಇಡು.
ಬೈದ್ಲು.
ಹಂಚು ಹುಡುಕಿದ್ಲು, ಕಡ್ಡಿ ಕೊರದ್ಲು.
ಹಿಟ್ಟಿಗೆ ಬಿಸಿನೀರು ಬಿದ್ದದ್ದು ಕೇಳಲಿಲ್ಲ,
ಬಳಿ ಕೇಳಿದ್ವು.
ಆಮ್ಯಾಲ
ತಪ್ ತಪ್. ತಪ್ ತಪ್.
ಮೊದಲು ದಪ್ಪ ಸಪ್ಪಳ, ಬರಬರತಾ ತೆಳ್ಳಗ,
ತಿರುಗತೈತಿ, ಅಗಲ ಆಗತೈತಿ,
ಹಂಚಿಗೆ ಬಿತ್ತು,
ಒದ್ದಿ ಅರಿವಿ ಸವರಿದ್ಲು, ಚುಂಯ್.

ಹೊರಗ ಥಂಡಿ. ಕಿವಿಗೆ ಫೋನ್ ಬೆಚ್ಚಗ.
ನಿದ್ದಿ ಹತ್ತೇತಿ ಅಂದಕೊಂಡಿದ್ದ ಯಂಕೋಬ
ಕೌದಿಯೊಳಗಿಂದ ಮಾರಿ ಹೊರಗ ಹಾಕಿ
"ಅಣ್ಣಾ, ಹೇಳು ವೈನಿಗೆ,
ಹೊಳ್ಳಿ ಹಾಕಂತ.
ಹೊತ್ತೀತು" ಅಂದ.