ಒಂದೂವರೆ ಸ್ಟಾಪ್ ಹೆಚ್ಚು

ಮುನ್ಸಿಯಾರಿಯಲ್ಲಿ ಆರು ದಿನ ಬರೀ ಮಂಜು.
ಏಳನೆಯ ಬೆಳಗ್ಗೆ ಪರದೆ ಸರಿಯಿತು.
ಬೆರಳು ಬೆರಳಾಗಿ ಉಳಿದಿರಲಿಲ್ಲ, ಬ್ಯಾಟರಿಯನ್ನು
ಮೊಟ್ಟೆಯ ಹಾಗೆ ಕಂಕುಳಲ್ಲಿಟ್ಟು ಕಾವು ಕೊಟ್ಟಿದ್ದೆ.
ಐದು ಶಿಖರ. ಮೊದಲು ಬೂದಿ, ಆಮೇಲೆ ದಾಸವಾಳ,
ಆಮೇಲೆ ಕಣ್ಣು ಕುಕ್ಕುವ ಬೆಳ್ಳಿ.
ನೂರಾ ಹನ್ನೆರಡು ಸಲ ಒತ್ತಿದೆ.

ಊರಿಗೆ ಬಂದು ದೊಡ್ಡದು ಮಾಡಿ ನೋಡಿದರೆ
ಎಲ್ಲವೂ ಸರಿ ಇತ್ತು.
ಅದೇ ತೊಂದರೆ.
ಸಹಕಾರಿ ಸಂಘದ ಕ್ಯಾಲೆಂಡರಿನಲ್ಲಿ
ಜನವರಿ ಯಾವಾಗಲೂ ಹೀಗೇ ಇರುತ್ತದೆ.

ಆದರೂ ಒಂದಕ್ಕೆ ಕಟ್ಟು ಹಾಕಿಸಿ
ಬಂದರಿನ ಐಸ್ ಪ್ಲಾಂಟಿಗೆ ಒಯ್ದು ಕೊಟ್ಟೆ.
ಮೋನಾಕ ಗೋಣಿಯಲ್ಲಿ ಕೈ ಒರೆಸಿಕೊಂಡು
ಬಹಳ ಹೊತ್ತು ನೋಡಿದರು,
ನಲವತ್ತು ವರ್ಷ ಅಮೋನಿಯಾ ಕುಡಿದ ಕಣ್ಣು.
"ಇಷ್ಟೂ ಐಸಾ ಮಾರಾಯ್ರೆ?"
ಹೌದು ಎಂದೆ.
"ಕರೆಂಟಿಲ್ಲದೆ?"
ಹೌದು.
"ಒಡೆಯುವವರು ಯಾರು?"

ಹದಿಮೂರು ದಿನ ಅಲ್ಲಿದ್ದು ಬಂದವನು ನಾನು.
ಕೇಳಿರಲಿಲ್ಲ.

*

ನಮ್ಮಲ್ಲಿ ಸೂರ್ಯ ಸಾಯುವುದನ್ನೇ ಎಲ್ಲರೂ ತೆಗೆಯುವುದು.
ಪಣಂಬೂರಿನಲ್ಲಿ ಸಂಜೆ ಆರೂವರೆಗೆ
ಸಾವಿರ ಮೊಬೈಲು ಒಟ್ಟಿಗೆ ಮೇಲೇಳುತ್ತವೆ.
ಹುಟ್ಟುವುದು ಹಿಂದೆ, ಊರಿನ ಬೆನ್ನಿಗೆ;
ಬಾವುಟಗುಡ್ಡೆಯ ಆಚೆ ಎಲ್ಲೋ ಹೆರಿಗೆಯಾಗಿ
ನೀರಿನ ಟ್ಯಾಂಕಿ, ಟವರು, ಹಂಚಿನ ಮಾಡು ದಾಟಿ
ದಕ್ಕೆಗೆ ಬರುವಾಗ ಏಳು ಗಂಟೆ,
ಮೀನು ಅರ್ಧ ಖಾಲಿ.

ಡಿಸೆಂಬರಿನ ಒಂದು ಬುಧವಾರ
ನಾಲ್ಕಕ್ಕೇ ಹೋಗಿ ನಿಂತೆ.
ಒಳಗೆ ಕ್ಯಾನು ಮಗುಚಿದರು. ಗಡ್ಡೆ ಜಾರಿ ಬಂತು,
ನಡುವೆ ಬಿಳಿ ಬೆನ್ನೆಲುಬಿದ್ದ ಗಾಜು.
ಕ್ರಷರು ಅದನ್ನು ಜಗಿದು ಜಗಿದು ಕಾರಿತು.
ಬೋಟು ತಡವಂತೆ, ಟರ್ಪಾಲಿನ ಮೇಲೇ ಸುರಿದರು:
ಒಂದಾಳು ಎತ್ತರ, ಎರಡು ನೆತ್ತಿ,
ನಡುವೆ ಯಾರೂ ಹೆಸರಿಡದ ಕಣಿವೆ.

ಹೊಟ್ಟೆಯಡಿಯಾಗಿ ಮಲಗಿದೆ
ಬೂತಾಯಿ ತೊಳೆದ ನೀರಿನಲ್ಲಿ.
ಗುಲಾಬಿಯಕ್ಕ ಬುಟ್ಟಿ ಇಳಿಸಿ ಬಗ್ಗಿದರು:
"ಎಂತ, ಬಿದ್ದದ್ದಾ, ಕುಡಿದದ್ದಾ?"

ಹಿಮವನ್ನು ಕ್ಯಾಮೆರಾ ನಂಬುವುದಿಲ್ಲ.
ಇಷ್ಟು ಬಿಳಿ ಲೋಕದಲ್ಲಿ ಇರಲಾರದೆಂದು
ತಾನೇ ತೀರ್ಮಾನಿಸಿ ಬೂದಿ ಬಳಿಯುತ್ತದೆ.
ಒಂದೂವರೆ ಸ್ಟಾಪ್ ಹೆಚ್ಚು ಕೊಡಬೇಕು,
ಬಾಯಿ ಬಿಡದ ಸಾಕ್ಷಿಗೆ ಆಣೆ ಹಾಕಿಸಿದ ಹಾಗೆ.
ಅಲ್ಲೂ ಕೊಟ್ಟಿದ್ದೆ, ಇಲ್ಲೂ ಕೊಟ್ಟೆ.
ಅಲ್ಲಿ ಬೆರಳು ಮರಗಟ್ಟಿತ್ತು; ಇಲ್ಲಿ ಲೆನ್ಸಿಗೆ ಬೆವರು,
ಅಂಗಿಯ ಚುಂಗಿನಲ್ಲಿ ಒರೆಸಿ, ಮತ್ತೆ ಒರೆಸಿ,
ಕಾದೆ.

ಬಂತು.
ಎರಡು ಗೋದಾಮಿನ ಸಂದಿಯಿಂದ
ಕೊಡೆಯ ಕಡ್ಡಿಯಷ್ಟು ಬೆಳಕು.
ಮೊದಲು ಬಲದ ನೆತ್ತಿಗೆ, ಅಲ್ಲಿ ಕೂತ ಕಾಗೆಯ ಕಾಲಿಗೆ.
ಆಮೇಲೆ ಇಡೀ ರಾಶಿ ಒಳಗಿನಿಂದಲೇ
ಬೆಂದ ಸಿಗಡಿಯ ಬಣ್ಣ.
ಹಬೆ ಎದ್ದಿತು, ಹಬೆಗೂ ಬಣ್ಣ.
ಇಳಿಜಾರಿನಲ್ಲಿ ಅಂಟಿದ್ದ ಮೀನಿನ ಹುರುಪೆ, ಒಂದೇ ಒಂದು,
ಯಾರಿಗೋ ಸನ್ನೆ ಮಾಡುವಂತೆ ಮಿಂಚಿ ಆರಿತು.

ಮೂರು ಸಲ ಒತ್ತಿದೆ.
ನಾಲ್ಕನೆಯದರೊಳಗೆ ಸಲಿಕೆ ಬಂತು.
ಮೋನಾಕನ ಸಲಿಕೆ. ಬೋಟು ಕೂಗುತ್ತಿತ್ತು.
ಎಡಗಡೆಯಿಂದ ಪರ್ವತ ಬುಟ್ಟಿ ಬುಟ್ಟಿಯಾಗಿ
ಬೋಟಿನ ಹೊಟ್ಟೆಗೆ ಇಳಿಯಿತು.
ಹತ್ತು ನಿಮಿಷಕ್ಕೆ ಟರ್ಪಾಲು, ನೀರು, ಅದೇ ಕಾಗೆ.

*

ಐದು ಶಿಖರ ವಾಪಸು ಬಂದಿವೆ. ನನ್ನ ಸ್ಟುಡಿಯೋದಲ್ಲಿ
ಪಾಸ್‌ಪೋರ್ಟ್ ಫೋಟೋದವರು ತಲೆ ಬಾಚುವ
ಕನ್ನಡಿಯ ಪಕ್ಕ ತೂಗುತ್ತಿವೆ.
ಪ್ಲಾಂಟಿನ ಗೋಡೆಯಲ್ಲಿ ಈಗ ಇರುವುದು ನಾಲ್ಕನೆಯದು.
ಮೋನಾಕನೇ ಆರಿಸಿದ್ದು. ಸಲಿಕೆ ಅಲುಗಿ ಮಸುಕಾಗಿದೆ;
ನಾನಾದರೆ ಅಳಿಸಿಬಿಡುತ್ತಿದ್ದೆ.

ಲೆಕ್ಕ ಚುಕ್ತಾ ಮಾಡಲು ಬಂದ ಬೋಟಿನವರಿಗೆ
ಗಾಜಿಗೆ ಒದ್ದೆ ಬೆರಳು ಒತ್ತಿ ತೋರಿಸುತ್ತಾರೆ:
"ಈ ಎಡಗಡೆಯ ಬದಿ ಉಂಟಲ್ಲ,
ಇದು ನಾನು ತೆಗೆದದ್ದು."